ನಿಮಗಿದು ಗೊತ್ತೇ? ಭಾಗಮಂಡಲದ ಜೇನಿಗೂ ಕಾಫಿ ಬೇಕು!

ಬೆಳಿಗ್ಗೆ ಎದ್ದ ಕೂಡಲೇ ಕಾಫಿ ಬೇಕು ಅನ್ನುವ ಜೀವಿ ನೀವೊಬ್ಬರೇ ಎಂದುಕೊಂಡಿದ್ದೀರಾ? ಹಾಗಾದರೆ ಒಂದು ಜೇನುಹುಳುವಿನ ಕಥೆ ಕೇಳಿ!

ಭಾಗಮಂಡಲ ಗೊತ್ತಲ್ಲ? ಕಾವೇರಿ, ಕನ್ನಿಕೆ, ಸುಜ್ಯೋತಿ ಕೂಡುವ ಊರು. ತಲಕಾವೇರಿಗೆ ಹೋಗುವವರು ಇಲ್ಲಿ ಮಿಂದು, ಭಗಂಡೇಶ್ವರನಿಗೆ ಕೈಮುಗಿದು, ಊರಿಗೆ ಮರಳುವಾಗ ಒಂದು ಬಾಟಲಿ ಜೇನುತುಪ್ಪ ಕೊಳ್ಳುವುದು ವಾಡಿಕೆ. ಆ ತುಪ್ಪ ಕಟ್ಟುವ ಹುಳುಗಳಿಗೂ ಒಂದು ದೌರ್ಬಲ್ಯ ಇದೆ ಎಂದರೆ ನಂಬುತ್ತೀರಾ?

ಮಾರ್ಚ್-ಏಪ್ರಿಲ್‌ನಲ್ಲಿ ಕೊಡಗಿಗೆ ಹೂಮಳೆ ಬೀಳುತ್ತದೆ. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಗಿಡದ ರೆಂಬೆರೆಂಬೆಗೂ ಬಿಳಿ ಗೊಂಚಲು. ಘಮಘಮ ಮಲ್ಲಿಗೆಯಂಥ ವಾಸನೆ. ಮೂರು ನಾಲ್ಕು ದಿನ, ಅಷ್ಟೇ! ಅಷ್ಟರಲ್ಲಿ ಜೇನು ಮುತ್ತಿಕೊಳ್ಳುತ್ತದೆ.

2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಜೆರಾಲ್ಡೀನ್ ರೈಟ್ ಮತ್ತು ಸಂಗಡಿಗರು ಕಾಫಿ ಹೂವಿನ ಮಕರಂದ ತೆಗೆದು ಪರೀಕ್ಷಿಸಿದರು. ಅದರಲ್ಲೂ ಕೆಫೀನ್! ಬೀಜದಲ್ಲಿರುವಷ್ಟಲ್ಲ. ಹುಳುವಿಗೆ ಕಹಿ ತಾಗದಷ್ಟು, ಲೆಕ್ಕ ಹಾಕಿ ಬೆರೆಸಿದಂತೆ, ಒಂದು ಚೂರು.

ಆ ಚೂರು ಕುಡಿದ ಹುಳುಗಳಿಗೆ ಏನಾಯಿತು? ಇಡೀ ಒಂದು ದಿನ ಕಳೆದ ಮೇಲೂ ಹೂವಿನ ವಾಸನೆ ಮರೆಯಲಿಲ್ಲ. ಬರೀ ಸಕ್ಕರೆ ನೀರು ಕುಡಿದ ಗುಂಪಿನಲ್ಲಿ ನೆನಪಿಟ್ಟುಕೊಂಡ ಹುಳುಗಳಿಗಿಂತ ಇಲ್ಲಿ ಮೂರು ಪಟ್ಟು ಹುಳುಗಳಿಗೆ ನೆನಪಿತ್ತು! ಹೂವು ಗಿರಾಕಿ ಹಿಡಿಯುವ ರೀತಿ ನೋಡಿ.

ಇನ್ನೂ ಒಂದು. ಕಿತ್ತಳೆ ಜಾತಿಯ ಹೂಗಳ ಮಕರಂದದಲ್ಲೂ ಕೆಫೀನ್ ಇದೆ. ಕೊಡಗಿನ ತೋಟದಲ್ಲಿ ಕಾಫಿಯ ನಡುವೆಯೇ ಕಿತ್ತಳೆ ಮರ. ಜೇನಿಗೆ ಒಂದೇ ಬೀದಿಯಲ್ಲಿ ಎರಡು ಕಾಫಿ ಹೋಟೆಲು!

2015ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಇನ್ನೊಂದು ಮೋಜು ಕಂಡರು. ಕೆಫೀನ್ ಬೆರೆಸಿದ ಸಿಹಿನೀರು ಕುಡಿದ ಹುಳು ಗೂಡಿಗೆ ಹೋಗಿ ಕುಣಿದದ್ದೇ ಕುಣಿದದ್ದು. ಸಿಹಿ ಎಲ್ಲಿದೆ ಎಂದು ಉಳಿದವರಿಗೆ ಕುಣಿದೇ ತಾನೆ ಅವು ಹೇಳುವುದು? ಆಮೇಲೆ ಆ ನೀರು ಖಾಲಿ ಮಾಡಿಟ್ಟರೂ ಹುಳುಗಳು ಅಲ್ಲಿಗೇ ಬಂದು ಬಂದು ನೋಡಿದವು! ಬಾಗಿಲು ಹಾಕಿದ ಹೋಟೆಲಿನ ಮುಂದೆ ಅಡ್ಡಾಡುವವರನ್ನು ನೀವೂ ನೋಡಿರುತ್ತೀರಿ.

ಕೊಕೇನ್ ಕೊಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ! 2009ರಲ್ಲಿ ಆಂಡ್ರ್ಯೂ ಬ್ಯಾರನ್, ಜೀನ್ ರಾಬಿನ್ಸನ್ ತಂಡ ಜೇನುಹುಳುವಿನ ಬೆನ್ನಿಗೆ ಒಂದಿಷ್ಟು ಕೊಕೇನ್ ಸವರಿತು. ಹುಳು ತಂದದ್ದು ಸಾಧಾರಣ ಸಿಹಿ. ಕುಣಿದು ಹೇಳಿದ್ದು ಭಾರಿ ನಿಧಿ ಸಿಕ್ಕಿತೆಂದು! ದಿನಗಟ್ಟಲೆ ಕೊಟ್ಟು ತಟ್ಟನೆ ನಿಲ್ಲಿಸಿದಾಗಲೋ, ಹೊಸ ವಾಸನೆ ಕಲಿಯುವ ಪರೀಕ್ಷೆಯಲ್ಲಿ ಅದೇ ಹುಳುಗಳು ಮುಗ್ಗರಿಸಿದವು. ಎಳ್ಳುಕಾಳಿನಷ್ಟು ಮಿದುಳಿಗೂ ಚಟ ಬಿಡುವಾಗಿನ ಕಾಟ ಇದೆ ಎಂದಾಯಿತು!

ಆನೆಗೂ ಕಾಫಿ ರುಚಿ ಹತ್ತಿದೆ, ಗೊತ್ತೇ? ಕೊಡಗಿನ ತೋಟಗಳಲ್ಲಿ ಆನೆ ಹಲಸು ಹುಡುಕಿಕೊಂಡು ಬರುತ್ತದೆ, ಬಂದದ್ದು ಕಾಫಿ ಹಣ್ಣನ್ನೂ ತಿನ್ನುತ್ತದೆ. ಲದ್ದಿಯಲ್ಲಿ ಕಾಫಿ ಬೀಜ ಮೊಳೆತದ್ದನ್ನು ಬೆಳೆಗಾರರು ನೋಡಿದ್ದಾರೆ. 2011ರ ಒಂದು ಸಂಶೋಧನಾ ಲೇಖನದ ಶೀರ್ಷಿಕೆಯೇ ಆನೆಗಳಿಗೂ ಕಾಫಿ ಇಷ್ಟ ಎಂಬರ್ಥದ್ದು!

ಆನೆ ಬಿಡಿ, ಕಾಫಿ ಕಾಯಿ ಕೊರೆಯುವ ಹುಳು ನೋಡಿ. ಬೆಳೆಗಾರರ ಬಾಯಲ್ಲಿ ಅದು ಬೆರಿ ಬೋರರ್. ಹುಟ್ಟುವುದು, ತಿನ್ನುವುದು, ಮರಿ ಮಾಡುವುದು ಎಲ್ಲ ಕಾಫಿ ಬೀಜದೊಳಗೆ. ಮನುಷ್ಯನ ತೂಕಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದರೆ ಅದು ನುಂಗುವ ಕೆಫೀನ್ ಐನೂರು ಲೋಟ ಎಸ್ಪ್ರೆಸೊಗೆ ಸಮ! ಸಾಯಬೇಕಿತ್ತಲ್ಲ? ಸಾಯುವುದಿಲ್ಲ. ಅದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಕೆಫೀನನ್ನು ಒಡೆದು ತಿಂದುಬಿಡುತ್ತವೆ. 2015ರಲ್ಲಿ ಈ ಗುಟ್ಟು ಬಯಲಾಯಿತು.

ಅಂದಹಾಗೆ, ಗಿಡ ಕೆಫೀನ್ ಮಾಡುವುದು ನಮ್ಮ ಉಪಕಾರಕ್ಕಲ್ಲ. ಎಲೆ ತಿನ್ನುವ ಹುಳುಗಳಿಗೆ ಅದು ವಿಷ! ವಿಷವನ್ನೇ ನಾವು ಹಾಲು ಸಕ್ಕರೆ ಹಾಕಿ ಕುಡಿಯುತ್ತೇವೆ. ಕಾಫಿ, ಚಹಾ, ಕೋಕೋ ಮೂರೂ ಗಿಡಗಳು ಈ ವಿದ್ಯೆಯನ್ನು ಒಂದರಿಂದ ಒಂದು ಕಲಿತದ್ದಲ್ಲ. ಬೇರೆ ಬೇರೆಯಾಗಿ ತಾವೇ ಕಂಡುಕೊಂಡದ್ದು!

ಜೇಡಕ್ಕೆ ಕೆಫೀನ್ ಕೊಟ್ಟರೆ ಬಲೆ ಹೇಗಿರುತ್ತದೆ? 1995ರಲ್ಲಿ ನಾಸಾದವರು ಕೊಟ್ಟು ನೋಡಿದರು. ಗಾಂಜಾ, ಬೆಂಜೆಡ್ರಿನ್ ಕೊಟ್ಟಾಗಲೂ ಒಂದು ಬಲೆಯ ಆಕಾರ ಇತ್ತು. ಕೆಫೀನ್ ಕೊಟ್ಟಾಗ ನಾಲ್ಕಾರು ಎಳೆ ಅಡ್ಡಾದಿಡ್ಡಿ, ಅಷ್ಟೇ! ಪರೀಕ್ಷೆಯ ಹಿಂದಿನ ರಾತ್ರಿ ಆರು ಲೋಟ ಕುಡಿದು ಓದಿದವರ ಉತ್ತರ ಪತ್ರಿಕೆ ನೆನಪಾಗುತ್ತದೆ.

ಸರಿ, ಮನುಷ್ಯರಿಗೆ ಬರೋಣ. ನಮಗೆ ಯಾರು ಹತ್ತಿಸಿದರು ಈ ಚಟ?

ಬಾಬಾ ಬುಡನ್ ಏಳು ಬೀಜ ತಂದ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಹದಿನೇಳನೇ ಶತಮಾನ, ಯೆಮೆನ್‌ನ ಮೋಕಾ ಬಂದರು, ಚಿಕ್ಕಮಗಳೂರಿನ ಗಿರಿ. ಆದರೆ ಕೊಡಗಿಗೆ? ರಾಜರ ಕಾಲದಲ್ಲಿ ನಾಲ್ಕುನಾಡಿನ ಬಳಿ ಜಮೀನು ಪಡೆದ ಮಾಪಿಳ್ಳೆಗಳು ಮೊದಲು ಗಿಡ ನೆಟ್ಟರೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ನಾಲ್ಕುನಾಡು ಅರಮನೆ ಭಾಗಮಂಡಲದ ಪಕ್ಕದ ಸೀಮೆಯದೇ!

ಬಿಳಿಯರ ತೋಟ ಬಂದದ್ದು ಆಮೇಲೆ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಶುರು ಮಾಡಿದ. ಈಗ ನೋಡಿ, ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಒಂದೇ ಪುಟ್ಟ ಜಿಲ್ಲೆಯದು!

ಬೆಳೆದರಾಯಿತೇ, ಕುಡಿಯುವವರು ಬೇಡವೇ? 1930ರ ದಶಕದಲ್ಲಿ ಚಹಾ ಕಂಪನಿಗಳ ಮಂದಿ ಸಂತೆ, ಜಾತ್ರೆ, ರೈಲು ನಿಲ್ದಾಣಗಳಲ್ಲಿ ನಿಂತು ಪುಕ್ಕಟೆ ಚಹಾ ಹಂಚಿದರು. ಹೌದು, ಪುಕ್ಕಟೆ! ಹೇಗೆ ಕುದಿಸಬೇಕೆಂದು ತೋರಿಸಿಯೂ ಕೊಟ್ಟರು. ನಮ್ಮ ಅಜ್ಜಂದಿರಿಗೆ ಚಹಾದ ತಲಬು ತಾನಾಗಿ ಬಂದದ್ದಲ್ಲ, ತಂದುಕೊಟ್ಟದ್ದು!

ಕಾಫಿಯವರು ಸುಮ್ಮನಿದ್ದರೇ? 1936ರಲ್ಲಿ ಬಾಂಬೆಯ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಲಾಭಕ್ಕಿಂತ ಜನಕ್ಕೆ ಕಾಫಿ ಅಭ್ಯಾಸ ಮಾಡಿಸುವುದೇ ಗುರಿ. 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿ ಉಳಿಸಿಕೊಂಡರು. ಅವುಗಳಲ್ಲಿ ಮೊದಲನೆಯ ಸಂಘ ಹುಟ್ಟಿದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ!

ಬಿಡಿಸಲು ಹೊರಟವರ ಪಾಡು ಇನ್ನೂ ತಮಾಷೆ. 1675ರ ಡಿಸೆಂಬರ್ ಕೊನೆಗೆ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್ ಕಾಫಿ ಅಂಗಡಿಗಳನ್ನೆಲ್ಲ ಮುಚ್ಚಿಸುವ ಆಜ್ಞೆ ಹೊರಡಿಸಿದ. ಜನ ಎಷ್ಟು ಕೂಗಾಡಿದರೆಂದರೆ ಎರಡು ವಾರ ತುಂಬುವ ಮೊದಲೇ ಆಜ್ಞೆ ವಾಪಸ್!

ಪ್ರಷ್ಯದ ದೊರೆ ಫ್ರೆಡರಿಕ್ ಇನ್ನೂ ಒಂದು ಹೆಜ್ಜೆ ಮುಂದೆ. ಮನೆಯಲ್ಲಿ ಕಾಫಿ ಬೀಜ ಹುರಿಯಬಾರದು ಎಂದ. ಯಾರು ಹುರಿಯುತ್ತಾರೆಂದು ಪತ್ತೆ ಹೇಗೆ? ಸೇವೆ ಮುಗಿದ ಸೈನಿಕರನ್ನು ಬೀದಿಗೆ ಬಿಟ್ಟ. ಅವರ ಕೆಲಸ ಒಂದೇ, ಮನೆಮನೆಯ ಮುಂದೆ ಮೂಗರಳಿಸಿ ಮೂಸುವುದು! ಸಂಬಳ ಕೊಟ್ಟು ಮೂಸಿಸಿದ ಸರ್ಕಾರ ಬೇರೆ ಎಲ್ಲಿದೆ ಹೇಳಿ?

ಗಾಂಧೀಜಿಗೂ ಕಾಫಿ, ಚಹಾ ಸೇರುತ್ತಿರಲಿಲ್ಲ. 1942ರಲ್ಲಿ ಪುಣೆಯ ಆಗಾಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಪುಸ್ತಕ ಬರೆಯತೊಡಗಿದರು. ಅದರಲ್ಲಿ ಚಹಾ-ಕಾಫಿ-ಕೋಕೋಗೆ ಒಂದು ಅಧ್ಯಾಯ, ತಂಬಾಕಿಗೆ ಒಂದು. ಮೂರು ಪಾನೀಯವೂ ದೇಹಕ್ಕೆ ಬೇಕಿಲ್ಲ ಎಂಬುದೇ ಅವರ ತೀರ್ಪು. ಕೊಡಗಿನವರು ಓದಿದರೋ ಇಲ್ಲವೋ, ಒಲೆ ಮೇಲಿನ ಕಾಫಿ ಪಾತ್ರೆ ಮಾತ್ರ ಇಳಿಯಲಿಲ್ಲ!

ಕೆಫೀನ್ ಸಿಕ್ಕಿದ್ದರ ಹಿಂದೆ ಒಬ್ಬ ಕವಿ ಇದ್ದಾನೆ ಎಂದರೆ? ಜರ್ಮನಿಯ ಮಹಾಕವಿ ಗಯಟೆ! ರುಂಗೆ ಎಂಬ ತರುಣ ರಸಾಯನಶಾಸ್ತ್ರಜ್ಞನ ಪ್ರಯೋಗ ನೋಡಿ ಮೆಚ್ಚಿ, ಒಂದು ಡಬ್ಬಿ ಕಾಫಿ ಬೀಜ ಕೊಟ್ಟು ಇದರಲ್ಲೇನಿದೆ ನೋಡು ಅಂದ. 1819ರಲ್ಲಿ ರುಂಗೆ ಕೆಫೀನ್ ಬೇರ್ಪಡಿಸಿದ.

ಲೋಕದ ಅತಿ ಕಿರಿಯ ಕೆಫೀನ್ ಗಿರಾಕಿ ಯಾರು ಗೊತ್ತೇ? ತಿಂಗಳು ತುಂಬದೆ ಹುಟ್ಟಿದ ಕೂಸು! ಅವಧಿಗೆ ಮುಂಚೆ ಹುಟ್ಟಿದ ಮಕ್ಕಳು ನಡುನಡುವೆ ಉಸಿರಾಡುವುದನ್ನೇ ಮರೆಯುತ್ತವೆ. ಆಗ ವೈದ್ಯರು ಕೊಡುವ ಔಷಧ ಕೆಫೀನ್ ಸಿಟ್ರೇಟ್. ಮಗು ಬಲಿತ ಮೇಲೆ ನಿಲ್ಲಿಸುತ್ತಾರೆ. ಹುಟ್ಟಿದ ವಾರವೇ ಶುರು, ತೊಟ್ಟಿಲಿಗೆ ಬರುವ ಮೊದಲೇ ಬಂದ್!

ನಿಮ್ಮ ಸಂಜೆಯ ಕಾಫಿ ರಾತ್ರಿಯೂ ನಿಮ್ಮ ಜೊತೆಗೇ ಮಲಗುತ್ತದೆ. ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧ ಕರಗಲು ಸುಮಾರು ಐದು ಗಂಟೆ ಬೇಕು. ನಾಲ್ಕಕ್ಕೆ ಕುಡಿದರೆ ಒಂಬತ್ತಕ್ಕೂ ಅರ್ಧ ಲೋಟ ಒಳಗೇ ಇರುತ್ತದೆ! ಬಸುರಿಯರಲ್ಲಂತೂ ಗರ್ಭದ ಕೊನೆಯ ತಿಂಗಳುಗಳಲ್ಲಿ ಇದರ ಮೂರು ಪಟ್ಟು ಹೊತ್ತು.

ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್. ಒಂದೇ ಲೋಟ, ಒಂದೇ ಬಣ್ಣ, ಏಟು ಮಾತ್ರ ಬೇರೆ!

ಚಿಕೋರಿಯಲ್ಲಿ ಎಷ್ಟು? ಸೊನ್ನೆ! ಅದು ಕಾಫಿಯೇ ಅಲ್ಲ, ಒಂದು ಗಿಡದ ಬೇರು. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಪುಡಿಯಲ್ಲಿ ಚಿಕೋರಿ ನೂರಕ್ಕೆ 49 ಪಾಲಿನವರೆಗೂ ಇರಬಹುದು. ಗಟ್ಟಿ ಡಿಕಾಕ್ಷನ್, ಕಪ್ಪು ಬಣ್ಣ, ಕುಡಿದವನಿಗೆ ಭಾರಿ ಕಿಕ್ಕು. ಲೋಟದ ಅರ್ಧ ಬೇರಿನ ರಸ! ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಈಗ ಬಿಡುವ ಕಥೆ. ಇಲ್ಲೊಂದು ನನ್ನ ಸ್ವಂತದ್ದೂ ಇದೆ.

ಒಂದು ವರ್ಷ ತುಲಾ ಸಂಕ್ರಮಣಕ್ಕೆ ಭಾಗಮಂಡಲಕ್ಕೆ ಹೋಗಿದ್ದೆ. ತೀರ್ಥ ಮುಗಿಯುವವರೆಗೆ ಕಾಫಿ ಮುಟ್ಟುವುದಿಲ್ಲ ಎಂದು ಹರಕೆಯಂಥದ್ದೊಂದು ಹೊತ್ತುಕೊಂಡಿದ್ದೆ. ಹಿಂದಿನ ಮಧ್ಯಾಹ್ನದ್ದೇ ಕೊನೆಯ ಲೋಟ. ಮರುದಿನ ಹನ್ನೆರಡರ ಹೊತ್ತಿಗೆ ಸಂಗಮದ ಮೆಟ್ಟಿಲ ಮೇಲೆ ಕೂತರೆ ಕಣ್ಣಿನ ಹಿಂದೆ ಯಾರೋ ಸೌಟಿನಿಂದ ಬಡಿದ ಹಾಗೆ. ಪಿತ್ತ ಎಂದುಕೊಂಡೆ. ಬಿಸಿಲು ಎಂದುಕೊಂಡೆ. ಬಿಸಿಲೇ ಇರಲಿಲ್ಲ!

ಹಣ್ಣುಕಾಯಿ ಅಂಗಡಿಯ ಅಜ್ಜಿಯ ಹತ್ತಿರ ತಲೆನೋವಿನ ಮಾತ್ರೆ ಎಲ್ಲಿ ಸಿಗುತ್ತದೆ ಎಂದೆ. ಅವರು ತೆಂಗಿನಕಾಯಿ ಒರೆಸುತ್ತಿದ್ದವರು ತಲೆಯೆತ್ತಿ ನನ್ನ ಮುಖ ನೋಡಿದರು. "ಬೆಳಿಗ್ಗೆ ಕಾಫಿ ಕುಡಿದಿಲ್ವಾ ಮಗಾ?" ಅಷ್ಟೇ ಕೇಳಿದ್ದು. ಕಾಲ ಬುಡದ ಫ್ಲಾಸ್ಕಿನ ಮುಚ್ಚಳಕ್ಕೆ ಬೆಲ್ಲದ ಕಾಫಿ ಬಗ್ಗಿಸಿ ಕೈಗಿತ್ತರು. ಹಾಲಿಲ್ಲ, ಕಪ್ಪಗೆ, ತುಟಿ ಅಂಟುವಷ್ಟು ಬೆಲ್ಲ. ಅರ್ಧ ಗಂಟೆಯಲ್ಲಿ ಸೌಟಿನವನು ಪರಾರಿ! ಹರಕೆಯ ಬಗ್ಗೆ ಕಾವೇರಮ್ಮ ಇದುವರೆಗೆ ಏನೂ ಕೇಳಿಲ್ಲ.

ಅಜ್ಜಿ ಒಂದು ನೋಟದಲ್ಲಿ ಹೇಳಿದ್ದನ್ನು ಅಮೆರಿಕದ ಮನೋವೈದ್ಯರು ತಮ್ಮ ರೋಗಪಟ್ಟಿಯಲ್ಲಿ ಸೇರಿಸಿದ್ದು 2013ರಲ್ಲಿ! ಕೆಫೀನ್ ಬಿಟ್ಟಾಗಿನ ತೊಂದರೆ ಈಗ ಅಧಿಕೃತ ಕಾಯಿಲೆ. ಬಿಟ್ಟ 12ರಿಂದ 24 ಗಂಟೆಯೊಳಗೆ ತಲೆನೋವು ಶುರು. ಒಂದೆರಡು ದಿನಕ್ಕೆ ತುತ್ತತುದಿ. ಎರಡರಿಂದ ಒಂಬತ್ತು ದಿನದಲ್ಲಿ ಮಾಯ.

ದಿನಕ್ಕೆ ಒಂದೇ ದೊಡ್ಡ ಲೋಟ ಕುಡಿಯುವವರೂ ತಪ್ಪಿಸಿಕೊಳ್ಳುವಂತಿಲ್ಲ. 100 ಮಿಲಿಗ್ರಾಮ್ ಕೆಫೀನ್ ಸಾಕು, ಬಿಟ್ಟ ಮರುದಿನ ಮೈ ಲೆಕ್ಕ ಕೇಳುತ್ತದೆ!

ಏಕಾದಶಿ ಉಪವಾಸದ ದಿನ ತಲೆನೋವೇ? ಹಸಿವನ್ನು ಬೈಯಬೇಡಿ. ತಪ್ಪಿದ ಕಾಫಿಯ ಕೈವಾಡವೂ ಇರಬಹುದು! ಯೆಹೂದಿಗಳ ಯೋಮ್ ಕಿಪ್ಪುರ್ ಉಪವಾಸಕ್ಕೂ, ರಂಜಾನಿನ ಮೊದಲ ದಿನಗಳಿಗೂ ಇಂಥದೇ ತಲೆನೋವು ಇದೆ. ಧರ್ಮ ಯಾವುದಾದರೇನು, ಕೆಫೀನ್‌ಗೆ ಎಲ್ಲರೂ ಒಂದೇ!

ಯಾಕೆ ನೋಯುತ್ತದೆ? ಕೆಫೀನ್ ಮಿದುಳಿನ ರಕ್ತನಾಳಗಳನ್ನು ಕಿರಿದು ಮಾಡಿ ಇಟ್ಟಿರುತ್ತದೆ. ಬಿಟ್ಟ ಕೂಡಲೇ ಅವು ಹಿಗ್ಗುತ್ತವೆ. ಇನ್ನೂ ಮಜಾ ಏನೆಂದರೆ, ಅಂಗಡಿಯಲ್ಲಿ ಸಿಗುವ ಕೆಲವು ತಲೆನೋವಿನ ಮಾತ್ರೆಗಳಲ್ಲೂ ಕೆಫೀನ್ ಇದೆ. ಕಾಫಿ ಬಿಟ್ಟೆ ಎಂದುಕೊಂಡು ಮಾತ್ರೆಯಲ್ಲಿ ಕುಡಿಯುತ್ತೀರಿ!

ಒಂದೇ ಏಟಿಗೆ ಬಿಡುವ ಬದಲು ಮೂರು ಲೋಟ ಎರಡಾಗಿ, ಎರಡು ಒಂದಾಗಿ, ಒಂದು ಅರ್ಧವಾಗಿ ಇಳಿದರೆ ಈ ಕಾಟ ಬಹುಪಾಲು ಬರುವುದೇ ಇಲ್ಲ. ಹೇಳುವುದು ಸುಲಭ, ನನ್ನನ್ನು ಕೇಳಿ!

ಕಾಫಿ ಕುಡಿದಾಯಿತು, ಎಲೆಅಡಿಕೆ ಬೇಡವೇ?

ಅಡಿಕೆಯೂ ಉತ್ತೇಜಕವೇ! ಅದರೊಳಗಿನ ಅರೆಕೋಲಿನ್ ಮೈ ಬಿಸಿ ಮಾಡುತ್ತದೆ, ಬೆವರಿಳಿಸುತ್ತದೆ, ಎಚ್ಚರ ಇರಿಸುತ್ತದೆ. ಕೆಫೀನ್, ಮದ್ಯ, ತಂಬಾಕು ಬಿಟ್ಟರೆ ಲೋಕದಲ್ಲಿ ಅತಿ ಹೆಚ್ಚು ಜನ ಬಳಸುವುದು ಇದನ್ನೇ.

ನಮ್ಮ ಭಾಷೆಗೆ ಇದು ಯಾವಾಗಲೋ ಗೊತ್ತಿತ್ತು! ಮೊದಲ ಸಲ ಅಗಿದು ತಲೆ ತಿರುಗಿ, ಬೆವತು, ಗೋಡೆ ಹಿಡಿದು ಕೂತವನಿಗೆ ಏನನ್ನುತ್ತೇವೆ? ಅಡಿಕೆ ಸೊಕ್ಕಿತು! ಸೊಕ್ಕುವ ಅಡಿಕೆಗೆ ಸೊಕ್ಕಡಿಕೆ ಎಂಬ ಹೆಸರೇ ಇದೆ. ಅಮಲಿಗೂ ಅಹಂಕಾರಕ್ಕೂ ಕನ್ನಡದಲ್ಲಿ ಒಂದೇ ಪದ. ಇಟ್ಟವನಿಗೆ ನಮಸ್ಕಾರ!

ಸುಣ್ಣ ಯಾಕೆ ಹಚ್ಚುತ್ತಾರೆ ಗೊತ್ತೇ? ಬಾಯಿ ಕೆಂಪಾಗಲಿ ಎಂದಷ್ಟೇ ಅಲ್ಲ. ಸುಣ್ಣ ಅಡಿಕೆಯ ಸತ್ವವನ್ನು ಬಿಡಿಸುತ್ತದೆ, ಇನ್ನೊಂದು ರೂಪಕ್ಕೆ ತಿರುಗಿಸುತ್ತದೆ. ಪ್ರಯೋಗಶಾಲೆ ಇಲ್ಲದೆ, ಅಂಗೈ ಮೇಲೆ ರಸಾಯನಶಾಸ್ತ್ರ!

2015ರಲ್ಲಿ ಫ್ಲೋರಿಡಾದ ವಿಜ್ಞಾನಿಗಳು ಇನ್ನೊಂದು ಕಂಡರು. ಮಿದುಳಿನಲ್ಲಿ ತಂಬಾಕಿನ ನಿಕೋಟಿನ್ ತಟ್ಟುವ ಬಾಗಿಲುಗಳಲ್ಲಿ ಕೆಲವನ್ನು ಅಡಿಕೆಯೂ ತಟ್ಟುತ್ತದೆ! ಎಲೆಅಡಿಕೆ ಬಿಡಲಾಗದ ಅಜ್ಜಂದಿರಿಗೆ ಇನ್ನು ಮೇಲೆ ಬೈಯುವ ಮುಂಚೆ ಇದು ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಹಾಕಿದೆ. ಬೆಳೆಗಾರರು ಒಪ್ಪಿಲ್ಲ. ಆ ಜಗಳ ಈ ಅಂಕಣದಲ್ಲಿ ಹಿಡಿಸುವುದಿಲ್ಲ.

ಮೂರನೆಯದು ಹೊಗೆಸೊಪ್ಪು. ಅಕ್ಬರನಿಗೆ ತಂಬಾಕು ತೋರಿಸಿದ್ದು ಯಾರು? ನಮ್ಮ ಬಿಜಾಪುರದಿಂದ ಮರಳಿದ ಆಸದ್ ಬೇಗ್! 1600ರ ನಂತರದ ಮೊದಲ ಕೆಲವು ವರ್ಷಗಳ ಮಾತು. ಆದಿಲಶಾಹಿ ರಾಜಧಾನಿಯಲ್ಲಿ ಹೊಸ ಸೊಪ್ಪು ನೋಡಿ, ರತ್ನ ಕೂರಿಸಿದ ಕೊಳವೆ ಮಾಡಿಸಿ, ಬಾದಶಹನ ಮುಂದಿಟ್ಟ. ಹಕೀಮರು ಬೇಡಬೇಡ ಎಂದರು. ಅಕ್ಬರ್ ಎರಡು ಮೂರು ದಮ್ಮು ಎಳೆದ, ಅಷ್ಟಕ್ಕೇ ಬಿಟ್ಟ! ಆಸ್ಥಾನದವರು ಬಿಡಲಿಲ್ಲ. 1617ರಲ್ಲಿ ಮಗ ಜಹಾಂಗೀರ್ ನಿಷೇಧ ಹೇರಬೇಕಾಯಿತು. ಯಾರೂ ಕೇಳಲಿಲ್ಲ ಎಂಬುದನ್ನು ಬೇರೆ ಹೇಳಬೇಕೇ?

ಕೊಡಗಿನ ಮಳೆಗಾಲದಲ್ಲಿ ಹೊಗೆಸೊಪ್ಪಿಗೆ ಇನ್ನೊಂದು ಕೆಲಸ ಇದೆ. ಇಂಬಳ ಓಡಿಸುವುದು! ಹೊಗೆಸೊಪ್ಪು, ಸುಣ್ಣ, ಉಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯುತ್ತಾರೆ. ಒದ್ದೆ ಗಂಟನ್ನು ಕಾಲಿಗೆ ಹತ್ತಿದ ಇಂಬಳದ ಮೇಲೆ ಒತ್ತಿದರೆ ಸಾಕು, ಸುರುಟಿಕೊಂಡು ಬೀಳುತ್ತದೆ. ಅದೇ ಸೊಪ್ಪನ್ನು ಗಂಟು ಕಟ್ಟಿದ ಮನುಷ್ಯ ದವಡೆಯಲ್ಲಿ ಇಟ್ಟುಕೊಂಡು ನಡೆಯುತ್ತಾನೆ!

ಸಿಗರೇಟಿನ ದಮ್ಮು ಎಳೆದು ಹತ್ತಿಪ್ಪತ್ತು ಸೆಕೆಂಡಿಗೆ ನಿಕೋಟಿನ್ ಮಿದುಳಿನಲ್ಲಿ. ಬೇಗ ಬಂದದ್ದು ಬೇಗ ಹತ್ತಿಕೊಳ್ಳುತ್ತದೆ. ಕರ್ನಾಟಕದಲ್ಲಿ ಈಗ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ, 2025ರಲ್ಲಿ ಬಂದ ತಿದ್ದುಪಡಿ ಅದು. ಗುಟ್ಕಾ ನಿಷೇಧ 2013ರದು.

ನಿಕೋಟಿನ್ ಚ್ಯೂಯಿಂಗ್ ಗಮ್ ಹುಟ್ಟಿದ್ದು ಎಲ್ಲಿ? ಸಮುದ್ರದ ತಳದಲ್ಲಿ! ಸ್ವೀಡನ್ನಿನ ಜಲಾಂತರ್ಗಾಮಿಗಳಲ್ಲಿ ಸೇದುವಂತಿಲ್ಲ. ನಾವಿಕರು ಸೇದುವುದು ಬಿಟ್ಟು ಜಗಿಯುವ ತಂಬಾಕಿಗೆ ತಿರುಗಿದ್ದನ್ನು ಒಬ್ಬ ವಿಜ್ಞಾನಿ ಗಮನಿಸಿದ. 1967ರಲ್ಲಿ ಗೆಳೆಯ ಊವೆ ಫೆರ್ನೊಗೆ ಕಾಗದ ಬರೆದ. ಅಲ್ಲಿಂದ ಹುಟ್ಟಿದ್ದು ಸಿಗರೇಟು ಬಿಡಿಸುವ ಗಮ್!

ಈಗ ಹೇಳುವುದನ್ನು ನಿಧಾನವಾಗಿ ಓದಿ. ಪಾರ್ಶ್ವವಾಯು ಹೊಡೆದ ಕೆಲವು ಸಿಗರೇಟುದಾಸರು ಎಚ್ಚರಾದ ಮೇಲೆ ಮತ್ತೆ ಸೇದಲೇ ಇಲ್ಲ. ಹಟ ತೊಟ್ಟು ಬಿಟ್ಟದ್ದಲ್ಲ. ಬೇಕು ಅನ್ನಿಸುವುದೇ ನಿಂತುಹೋಗಿತ್ತು! 2007ರಲ್ಲಿ ಅಮೆರಿಕದ ಸಂಶೋಧಕರು ಇಂಥವರ ಮಿದುಳಿನ ಚಿತ್ರಗಳನ್ನು ಜೋಡಿಸಿ ನೋಡಿದರು. ಏಟು ಬಿದ್ದದ್ದು ಇನ್ಸುಲಾ ಎಂಬ ಭಾಗಕ್ಕೆ. ಅವರಲ್ಲೊಬ್ಬನ ಮಾತಿನ ಸಾರ ಇಷ್ಟು: ಸೇದಬೇಕೆಂಬ ಹಂಬಲವನ್ನು ನನ್ನ ಮೈಯೇ ಮರೆತುಬಿಟ್ಟಿತು. ಎಂಥ ಮರೆವು!

ಸಿಗರೇಟು ಬಿಡುತ್ತಿದ್ದೀರಾ? ಹಾಗಾದರೆ ಕಾಫಿಯನ್ನೂ ಅರ್ಧ ಮಾಡಿ! ತಮಾಷೆಯಲ್ಲ. ಹೊಗೆಯಲ್ಲಿರುವ ಕೆಲವು ವಸ್ತುಗಳು ಕೆಫೀನನ್ನು ಬೇಗ ಕರಗಿಸುವಂತೆ ಯಕೃತ್ತನ್ನು ಓಡಿಸುತ್ತಿರುತ್ತವೆ. ಸೇದುವುದು ನಿಂತರೆ ಆ ಓಟವೂ ನಿಲ್ಲುತ್ತದೆ. ಕುಡಿಯುವುದು ಅಷ್ಟೇ ಲೋಟ, ರಕ್ತದಲ್ಲಿ ಕೆಫೀನ್ ಎರಡರಷ್ಟು! ಕೈ ನಡುಕ, ನಿದ್ರೆ ಇಲ್ಲ, ಸಿಡಿಮಿಡಿ. ಎಲ್ಲ ಸಿಗರೇಟು ಬಿಟ್ಟದ್ದರಿಂದ ಎಂದುಕೊಂಡು ಮತ್ತೆ ಪ್ಯಾಕು ಒಡೆಯುತ್ತಾರೆ. ತಪ್ಪಿತಸ್ಥ ಕಾಫಿ ಲೋಟ!

ಕೊನೆಯ ದಮ್ಮು ಎಳೆದು ಇಪ್ಪತ್ತು ನಿಮಿಷಕ್ಕೇ ನಾಡಿ ಇಳಿಯುತ್ತದೆ. ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಹೆಚ್ಚುವರಿ ಅಪಾಯ ಅರ್ಧಕ್ಕೆ ಬರುತ್ತದೆ. ಪ್ಯಾಕಿನ ಮೇಲೆ 1800-11-2356 ಎಂಬ ನಂಬರ್ ನೋಡಿದ್ದೀರಾ? ಪುಕ್ಕಟೆ ಕರೆ. ಬಿಡಿಸುವ ದೂರವಾಣಿಯ ವಿಳಾಸ ಚಟದ ಪ್ಯಾಕಿನ ಮೇಲೆಯೇ! ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಒಂದು ಕೇಂದ್ರ ಇದೆ.

ಕಾಫಿ, ಅಡಿಕೆ, ಹೊಗೆಸೊಪ್ಪು ಕಣ್ಣಿಗೆ ಕಾಣುವ ನದಿಗಳಾದವು. ಭಾಗಮಂಡಲದಲ್ಲಿ ಸುಜ್ಯೋತಿ ನೆಲದಡಿ ಹರಿಯುತ್ತದೆ ಎನ್ನುತ್ತಾರಲ್ಲ, ಉತ್ತೇಜಕಗಳಲ್ಲೂ ಗುಪ್ತಗಾಮಿನಿ ಇದೆ. ಕೊಕೇನ್, ಮೆತ್, ಎಂಡಿಎಂಎ.

1900ರ ಆಸುಪಾಸಿನಲ್ಲಿ ಕಲ್ಕತ್ತಾ, ಬಾಂಬೆಗಳಲ್ಲಿ ಜನ ಕೊಕೇನ್ ತಿನ್ನುತ್ತಿದ್ದದ್ದು ಯಾವುದರಲ್ಲಿ? ವೀಳ್ಯದೆಲೆಯಲ್ಲಿ! ಬೀಡಾ ಮಡಿಚಿದ ಹಾಗೆ ಮಡಿಚಿ ಬಾಯಿಗೆ. ಹೊಸ ಚಟ ಹಳೆ ಚಟದ ಹೆಗಲೇರಿ ಬಂತು.

ಮೆತ್ ಎಂಬ ಮೆಥಾಂಫೆಟಮಿನ್ ಮೊದಲು ತಯಾರಾದದ್ದು 1893ರಲ್ಲಿ, ಜಪಾನಿನ ನಾಗಾಯಿ ನಾಗಾಯೋಶಿ ಕೈಯಲ್ಲಿ. 1938ರಲ್ಲಿ ಜರ್ಮನಿಯ ಔಷಧ ಅಂಗಡಿಗಳಲ್ಲಿ ಅದೇ ಮಾತ್ರೆ ರಾಜಾರೋಷವಾಗಿ ಮಾರಾಟಕ್ಕಿತ್ತು! ಆಮೇಲೆ ಸೈನಿಕರ ಜೇಬಿಗೆ.

ರಿಟಾಲಿನ್ ಎಂಬ ಔಷಧದ ಹೆಸರು ಒಬ್ಬ ಗೃಹಿಣಿಯದು! ಗಮನ ನಿಲ್ಲದ ಮಕ್ಕಳಿಗೆ ವೈದ್ಯರು ಕೊಡುವ ಉತ್ತೇಜಕ ಅದು. 1944ರಲ್ಲಿ ಅದನ್ನು ತಯಾರಿಸಿದ ಪಾನಿಜ್ಜೋನ್ ಎಂಬಾತ ತನ್ನ ಹೆಂಡತಿಗೆ ಕೊಟ್ಟು ನೋಡಿದ. ಟೆನಿಸ್ ಆಟ ಸುಧಾರಿಸಿತಂತೆ. ಆಕೆಯ ಹೆಸರು ಮಾರ್ಗರೀಟ, ಮುದ್ದಿಗೆ ರೀಟಾ!

ಇವುಗಳಿಂದ ಹೊರಬರುವುದು ಹೇಗೆ? ತಂಬಾಕಿಗೆ ಗಮ್ ಇದೆ, ಮಾತ್ರೆ ಇದೆ. ಕೊಕೇನ್, ಮೆತ್ ಬಿಡಿಸಲು ಅಮೆರಿಕದ ಔಷಧ ಇಲಾಖೆ ಒಪ್ಪಿದ ಒಂದು ಮಾತ್ರೆಯೂ ಇಲ್ಲ! ಹಾಗಾದರೆ ಕೆಲಸ ಮಾಡುವುದು ಯಾವುದು? ಕೇಳಿದರೆ ನಗುತ್ತೀರಿ. ಲಕ್ಕಿ ಡಿಪ್!

ನಿಜವಾಗಿ! ನ್ಯಾನ್ಸಿ ಪೆಟ್ರಿ ಎಂಬ ಮನೋವಿಜ್ಞಾನಿ ಬೆಳೆಸಿದ ಉಪಾಯ. ಮೂತ್ರ ಪರೀಕ್ಷೆಯಲ್ಲಿ ಮಾದಕವಸ್ತು ಕಾಣದಿದ್ದರೆ ಬುಡ್ಡಿಗೆ ಕೈಹಾಕಿ ಚೀಟಿ ಎತ್ತಬಹುದು. ಅರ್ಧದಷ್ಟು ಚೀಟಿಯಲ್ಲಿ ಬರೀ ಶಭಾಷ್. ಉಳಿದವುಗಳಲ್ಲಿ ಸಣ್ಣಪುಟ್ಟ ಬಹುಮಾನ, ಎಲ್ಲೋ ಒಂದರಲ್ಲಿ ದೊಡ್ಡದು. ಜಾತ್ರೆಯ ಆಟದಂತಿರುವ ಇದು ದೊಡ್ಡದೊಡ್ಡ ಚಿಕಿತ್ಸೆಗಳನ್ನು ಹಿಂದೆ ಹಾಕಿತು. 2011ರಿಂದ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಚೀಟಿ ಎತ್ತಿಸುತ್ತಿದ್ದಾರೆ!

ಇಲಿಗೆ ಕೊಕೇನ್ ಬೇಕೋ ಸಿಹಿ ಬೇಕೋ? 2007ರಲ್ಲಿ ಫ್ರಾನ್ಸಿನವರು ಎರಡೂ ಸನ್ನೆಗೋಲು ಮುಂದಿಟ್ಟರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಲಿಗಳು ಒತ್ತಿದ್ದು ಸ್ಯಾಕರಿನ್ ಸಿಹಿನೀರಿನದು! 2018ರಲ್ಲಿ ಮೆತ್ ಒಂದು ಕಡೆ, ಜೊತೆಗಾರ ಇಲಿ ಒಂದು ಕಡೆ. ಇಲಿಗಳು ಬಾಗಿಲು ತೆಗೆದದ್ದು ಜೊತೆಗಾರನ ಕಡೆಗೆ, ದಿನದಿನವೂ!

ಕಾನೂನಿನಲ್ಲೂ ಒಂದು ಕಿಟಕಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 1985ರ ಮಾದಕವಸ್ತು ಕಾಯ್ದೆ ಭಾರಿ ಕಠಿಣ. ಆದರೆ ಅದರ 64ಎ ಕಲಮು ಓದಿ. ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಹೋಗಿ ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ! ಚಟ ಬಿಡಿಸುವ ಸಲಹೆಗೆ 14446ಕ್ಕೆ ಫೋನ್ ಮಾಡಬಹುದು, ಅದೂ ಪುಕ್ಕಟೆ.

ಕೊನೆಯದೊಂದು, ನನಗೆ ಅತಿ ಇಷ್ಟವಾದದ್ದು. 2023ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು 61 ಮಂದಿ ಕಾಫಿಪ್ರಿಯರನ್ನು ಇಡೀ ದಿನ ಕಾಫಿ ಇಲ್ಲದೆ ಕೂರಿಸಿದರು. ತಲೆನೋವು, ಆಕಳಿಕೆ ಎಲ್ಲ ಹತ್ತಿದ ಮೇಲೆ ಕೆಲವರಿಗೆ ಕೆಫೀನ್ ತೆಗೆದ ಕಾಫಿ ಕೊಟ್ಟರು. ಇದರಲ್ಲಿ ಕೆಫೀನ್ ಇಲ್ಲ ಎಂದು ಮುಖಕ್ಕೇ ಹೇಳಿ ಕೊಟ್ಟರು! ಆದರೂ ಕಾಟ ಇಳಿಯಿತು. ವಾಸನೆ ಬಂತು, ಬಿಸಿ ತಾಗಿತು, ಮಿದುಳಿಗೆ ಅಷ್ಟೇ ಸಾಕಾಯಿತು.

ಇದನ್ನು ಓದಿ ನಗುನಗುತ್ತಾ ಮನೆಯಲ್ಲಿ ಹೇಳಿದೆ. ಹೆಂಡತಿ ನಗಲಿಲ್ಲ. ಅಡುಗೆಮನೆಯಿಂದ ಕಾಫಿಪುಡಿ ಡಬ್ಬಿ ತಂದು ಮುಂದಿಟ್ಟಳು. ಭಾಗಮಂಡಲದಿಂದ ನಾನು ಬಂದ ತಿಂಗಳಿಂದ ಪುಡಿ ಅಂಗಡಿಯವನಿಗೆ ಹೇಳಿ ಚಿಕೋರಿಯ ಪಾಲು ಏರಿಸುತ್ತಾ ಬಂದಿದ್ದಾಳಂತೆ. ಮೊನ್ನೆ ಭಾನುವಾರ ಎರಡನೇ ಲೋಟ ಕೇಳಿ, ಇವತ್ತಿನ ಕಾಫಿ ತಲೆಗೇರಿತು ನೋಡು ಎಂದು ಹೊಗಳಿದ್ದೆನಲ್ಲ? ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬೇರು!